ಉದ್ಧರಣೆಯಷ್ಟು ಹಿಮಾಲಯ

ಹಿಮನದಿಯೊಂದರ ಮೇಲೆ ಹೋಗಿ ಕೆಲಸ ಮಾಡಬೇಕಾಗಿದೆ ಎಂದು ಮಗಳು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಅಲ್ಲಿ ರೇಲಿಂಗ್ ಇರುತ್ತದೆಯೇ ಎಂಬುದು. ಅವಳು ನಗಲಿಲ್ಲ. ಇಂಥ ಪ್ರಶ್ನೆಗಳಿಗೆ ನಗಬಾರದು, ತಾಳ್ಮೆಯಿಂದ ಉತ್ತರಿಸಬೇಕು ಎಂಬುದು ಹುಟ್ಟಿದಾಗಿನಿಂದ ನನ್ನ ಜೊತೆ ಬದುಕಿದವಳಿಗೆ ಗೊತ್ತಿದೆ. ರೇಲಿಂಗ್ ಇರುವುದಿಲ್ಲ, ಆದರೆ ಸೊಂಟಕ್ಕೆ ಹಗ್ಗ ಇರುತ್ತದೆ ಎಂದಳು. ಹಗ್ಗದ ಇನ್ನೊಂದು ತುದಿ ಯಾರ ಕೈಯಲ್ಲಿರುತ್ತದೆ ಎಂದೆ. ಇನ್ನೊಬ್ಬರ ಸೊಂಟಕ್ಕೆ ಎಂದಳು. ಆ ಇನ್ನೊಬ್ಬರು ಜಾರಿದರೆ ಎಂದು ಕೇಳುವಷ್ಟರಲ್ಲಿ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಬೇಕೋ ಬೇಡವೋ ಎಂದು ಕೇಳದೆ ಹಾಕಿದ ಚಪಾತಿಗೆ ನಮ್ಮ ಮನೆಯಲ್ಲಿ ಇನ್ನು ಸುಮ್ಮನಿರು ಎಂದು ಅರ್ಥ.

ನಾನು ಅಂಧೇರಿಯ ಒಂದು ವಿಮಾ ಕಚೇರಿಯಲ್ಲಿ ಅಪಘಾತದ ಫೈಲುಗಳನ್ನು ಓದುವವನು. ಈ ಕೆಲಸದಿಂದ ಚಿಂತೆಯ ರೋಗ ಹತ್ತಿತೋ, ರೋಗ ಇದ್ದವನನ್ನೇ ಹುಡುಕಿ ಕೆಲಸ ಕೊಟ್ಟರೋ ಹೇಳಲಾರೆ. ಲಿಫ್ಟಿನ ಹಗ್ಗ, ಗ್ಯಾಸಿನ ನಳಿಗೆ, ಬಿಲ್ಡಿಂಗಿನ ತಲೆಯ ಮೇಲೆ ಕೂತ ನೀರಿನ ಟಾಕಿ, ಇವೆಲ್ಲ ನನ್ನ ಮಟ್ಟಿಗೆ ಇಂದೋ ನಾಳೆಯೋ ಎನ್ನುತ್ತಿರುವ ವಸ್ತುಗಳು. ನಾವಿರುವುದು ಸಾಂತಾಕ್ರೂಜ್‌ನಲ್ಲಿ, ವಿಮಾನಗಳು ಇಳಿಯುವ ದಾರಿಯ ಕೆಳಗೆ. ಬಾಲ್ಕನಿಯಲ್ಲಿ ಚಹಾ ಹಿಡಿದು ಕೂತರೆ ಒಂದೊಂದು ವಿಮಾನವನ್ನೂ ನಾನೇ ಕಣ್ಣಿನಿಂದ ಹಿಡಿದು ಮೆಲ್ಲಗೆ ಇಳಿಸಬೇಕು. ನಾನು ಊರಿಗೆ ಹೋದ ದಿನಗಳಲ್ಲಿ ಅವು ಹೇಗೆ ಇಳಿಯುತ್ತವೆಯೋ ತಿಳಿಯದು.

ಮಗಳು ಓದುತ್ತಿರುವುದು ಭೂವಿಜ್ಞಾನ. ಒಂದು ಹಿಮನದಿ ತನ್ನ ಬೆಟ್ಟವನ್ನು ಎಷ್ಟು ಬೇಗ ಸವೆಸುತ್ತದೆ ಎಂಬುದು ಅವಳ ಸಂಶೋಧನೆಯ ಪ್ರಶ್ನೆ. ಇದನ್ನು ಕಂಡುಕೊಳ್ಳುವ ದಾರಿ ನನಗೆ ಅಚ್ಚರಿಯಾಗುವಷ್ಟು ಸರಳ. ಹಿಮನದಿಯ ಕೊನೆಯಲ್ಲಿ, ಮಂಜುಗಡ್ಡೆಯ ಬಾಯಿಂದ ಒಂದು ಹಳ್ಳ ಹೊರಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ನೀರನ್ನು ಬಾಟಲಿಯಲ್ಲಿ ಹಿಡಿಯಬೇಕು. ಸೋಸಬೇಕು. ಸೋಸಿದಾಗ ಉಳಿಯುವ ಕಲ್ಲಿನ ಪುಡಿಯನ್ನು ಒಣಗಿಸಿ ತೂಗಬೇಕು. ಬೆಟ್ಟ ಎಷ್ಟು ಸವೆದಿದೆ ಎಂಬುದನ್ನು ಆ ಪುಡಿ ಹೇಳುತ್ತದೆ. ಇಷ್ಟಕ್ಕೆ ಅಲ್ಲಿಯ ತನಕ ಯಾಕೆ ಹೋಗಬೇಕು, ಯಾರಾದರೂ ಕೊರಿಯರ್ ಮಾಡುವುದಿಲ್ಲವೇ ಎಂದು ಕೇಳಿದೆ. ಎರಡನೆಯ ಚಪಾತಿ ಬಿತ್ತು.

ಕೊನೆಗೆ ಒಪ್ಪಿದ್ದು ಒಂದು ಷರತ್ತಿನ ಮೇಲೆ. ಒಂದೇ ಸಲ. ಮಂಜು ಕರಗುವ ಒಂದು ಕಾಲ ಅಲ್ಲಿರುವುದು, ಆಮೇಲೆ ಇಲ್ಲೇ ಲ್ಯಾಬಿನಲ್ಲಿ ಕೂತು ಮುಗಿಸುವುದು. ಅವಳು ನನ್ನ ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟಳು. ಅವಳು ಕೊಟ್ಟ ಮಾತು ತಪ್ಪುವವಳಲ್ಲ ಎಂದು ನನಗೆ ಗೊತ್ತಿತ್ತು, ಆ ಧೈರ್ಯದ ಮೇಲೆಯೇ ಕೇಳಿದ್ದೆ.

ಹೊರಡುವ ಮುಂಚಿನ ವಾರಗಳಲ್ಲಿ ಅವಳು ನನ್ನ ಭಯ ಕಳೆಯಲೆಂದು ಪಾಠ ಶುರುಮಾಡಿದಳು. ನಮ್ಮದು ಹಳೆಯ ಫ್ರಿಜ್. ಮೇಲಿನ ಖಾನೆಯಲ್ಲಿ ಮಂಜು ಕಟ್ಟಿ ಕಟ್ಟಿ ಬಟಾಣಿಯ ಪೊಟ್ಟಣವನ್ನು ಗೋಡೆಯ ಸಮೇತ ಹಿಡಿದುಕೊಂಡಿರುತ್ತದೆ. ಒಂದು ಭಾನುವಾರ ನಾನು ಆ ಪೊಟ್ಟಣವನ್ನು ಜೋರಾಗಿ ಎಳೆದಾಗ ಫ್ರಿಜ್ಜಿನ ಒಳಗೋಡೆಯ ಬಣ್ಣದ ಒಂದು ಚಕ್ಕೆ ಕಿತ್ತು ಬಂತು. ಮಗಳಿಗೆ ಬಹಳ ಖುಷಿಯಾಯಿತು.

“ಹಾಂ, ಅಪ್ಪಾ, ಬಸ್ ಇದೇ. ಗ್ಲೇಶಿಯರ್ ಹೀಗೇ ಮಾಡ್ತದ.”

ಬಂಡೆಯ ಬಿರುಕಿನೊಳಗೆ ನೀರು ಇಳಿಯುತ್ತದೆ, ಹೆಪ್ಪುಗಟ್ಟುತ್ತದೆ, ಉಬ್ಬುತ್ತದೆ, ಬಂಡೆ ಸಡಿಲಾಗುತ್ತದೆ. ಸಡಿಲಾದ ಕಲ್ಲನ್ನು ಮಂಜುಗಡ್ಡೆ ಹಿಡಿದುಕೊಂಡು ಹೊರಡುತ್ತದೆ. ಮಂಜುಗಡ್ಡೆ ಸ್ವತಃ ಮೆತ್ತಗಿನದು, ಅದೊಂದರಿಂದಲೇ ಬೆಟ್ಟವನ್ನು ಕಡಿಯಲಾಗದು. ಕಡಿಯುವುದು ಅದರ ಹೊಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲುಗಳು. ಮೇಲೆ ಬೆಟ್ಟದಷ್ಟೇ ಭಾರದ ಮಂಜು ಒತ್ತುತ್ತಿರುತ್ತದೆ, ಕೆಳಗೆ ಆ ಕಲ್ಲುಗಳು ಬಂಡೆಯನ್ನು ಉಜ್ಜುತ್ತಿರುತ್ತವೆ. ಅರ್ಧ ಅಡುಗೆಮನೆಯ ಭಾಷೆಯಲ್ಲಿ, ಅರ್ಧ ಹಿಂದಿಯಲ್ಲಿ ಅವಳು ಇದನ್ನು ಹೇಳಿದಳು. ನೀರು ಇಳಿಜಾರಿನಲ್ಲಿ ಓಡುತ್ತ ಕೆಳಕ್ಕೆ ಕೊರೆಯುತ್ತದೆ, ಅದಕ್ಕೇ ನಮ್ಮ ಸಹ್ಯಾದ್ರಿಯ ಕಣಿವೆಗಳು ತಳದಲ್ಲಿ ಚೂಪು. ಮಂಜು ಓಡುವುದಿಲ್ಲ, ಕಣಿವೆಯ ತುಂಬ ಮೈಹರಡಿ ಕೂತಲ್ಲಿಂದಲೇ ಸರಿಯುತ್ತದೆ. ಅದು ಬಿಟ್ಟುಹೋದ ಕಣಿವೆ ಅಗಲವಾಗಿ, ಗೋಡೆಗಳು ನೆಟ್ಟಗೆ ನಿಂತು, ತೊಟ್ಟಿಲಿನ ಹಾಗಿರುತ್ತದೆ. ಒಂದೇ ಬೆಟ್ಟವನ್ನು ಮೂರು ಕಡೆಯಿಂದ ಹಿಮನದಿಗಳು ತಿನ್ನುತ್ತ ಬಂದರೆ ನಡುವೆ ಒಂದು ಚೂಪಾದ ಶಿಖರ ಉಳಿಯುತ್ತದೆ. ಕ್ಯಾಲೆಂಡರಿನಲ್ಲಿ ನಾವು ನೋಡುವ ಶಿಖರಗಳೆಲ್ಲ ಹೀಗೆ ಉಳಿದವುಗಳು.

ನನ್ನನ್ನೂ ಅವ್ವ, ಹೆಂಡತಿ, ಮಗಳು ಸೇರಿ ಮೂರು ಕಡೆಯಿಂದ ತಿನ್ನುತ್ತಿದ್ದಾರೆ. ಸದ್ಯಕ್ಕೆ ಶಿಖರದ ಲಕ್ಷಣ ಕಾಣುತ್ತಿಲ್ಲ, ನೆತ್ತಿ ಮಾತ್ರ ಬೋಳಾಗಿದೆ.

ಮಗಳು ಹೋದ ಮೇಲೆ ಅವಳ ಪಾಠದಿಂದ ನನ್ನ ಭಯ ಕಡಿಮೆಯಾಗಲಿಲ್ಲ, ಅದಕ್ಕೆ ಚಿತ್ರಗಳು ಸಿಕ್ಕವು. ಅಲ್ಲಿ ಫೋನು ಸಿಗುವುದಿಲ್ಲ. ಕೆಳಗಿನ ಹಳ್ಳಿಗೆ ಯಾರಾದರೂ ಇಳಿದರೆ ಒಂದು ಮೆಸೇಜು ಬರುತ್ತಿತ್ತು. ನಾನು ಅಂಧೇರಿಯ ಪ್ಲಾಟ್‌ಫಾರ್ಮಿನಲ್ಲಿ ಲೋಕಲ್‌ಗೆ ಕಾಯುತ್ತ ನಿಂತಿರುತ್ತಿದ್ದೆ. ಮಳೆಗಾಲದ ಬೂದು ಬೆಳಕಿನಲ್ಲಿ ಬೋರಿವಲಿಯ ಕಡೆಯಿಂದ ಏನೋ ಬಿಳಿಯದು ಬರುತ್ತಿರುವ ಹಾಗೆ ಅನಿಸುತ್ತಿತ್ತು. ಸದ್ದಿಲ್ಲ. ಅವಸರವಿಲ್ಲ. ಹೈವೇಯ ಆ ಬದಿ ಈ ಬದಿ ತುಂಬಿಕೊಂಡು ಬರುತ್ತಿದೆ, ಗೋರೆಗಾಂವ್ ಮುಚ್ಚಿದೆ, ಫ್ಲೈಓವರಿನ ಕಂಬಗಳನ್ನು ಬೆಂಡೆಕಾಯಿ ಮುರಿದಂತೆ ಮುರಿದು ತನ್ನೊಳಗೆ ಇಟ್ಟುಕೊಳ್ಳುತ್ತಿದೆ. ಹೋರ್ಡಿಂಗುಗಳ ಮೇಲಿನ ನಟಿಯರು ಮಂಜಿನೊಳಗೆ ನಗುತ್ತಲೇ ಸಿಕ್ಕಿಬಿದ್ದಿದ್ದಾರೆ. ರಿಕ್ಷಾಗಳು ಉಪ್ಪಿನಕಾಯಿಯ ಹೋಳಿನಂತೆ ಅಲ್ಲಲ್ಲಿ ಕಾಣುತ್ತವೆ. ಯಾರೂ ಕೂಗುತ್ತಿಲ್ಲ, ಎಲ್ಲರೂ ಫೋನು ನೋಡುತ್ತಿದ್ದಾರೆ. ಅದರ ಬೆನ್ನ ಮೇಲೆ, ಕೆಂಪು ಜಾಕೀಟು ತೊಟ್ಟು, ಮಗಳು ನಡೆದು ಬರುತ್ತಿದ್ದಾಳೆ, ಸೊಂಟದ ಹಗ್ಗ ಹಿಂದಕ್ಕೆ ಉದ್ದವಾಗಿ ಹೋಗಿ ಕಾಣದಾಗಿದೆ.

ಅಷ್ಟರಲ್ಲಿ ಲೋಕಲ್ ಬಂದು ಜನ ನನ್ನನ್ನು ಒಳಗೆ ತಳ್ಳುತ್ತಿದ್ದರು. ಸಾಂತಾಕ್ರೂಜ್‌ನಲ್ಲಿ ಮತ್ತೆ ಅವರೇ ಹೊರಗೆ ತಳ್ಳುತ್ತಿದ್ದರು. ಮನೆಗೆ ಬಂದು ಶೂ ಬಿಚ್ಚಿದರೆ ಪಾದ ತಣ್ಣಗಾಗಿರುತ್ತಿತ್ತು. ಮಳೆನೀರು ಹೊಕ್ಕಿರುತ್ತಿತ್ತು ಎಂಬುದು ಹೆಂಡತಿಯ ಅಭಿಪ್ರಾಯ.

ಗಣಪತಿಯ ಗದ್ದಲ ಮುಗಿಯುತ್ತ ಬಂದಾಗ ಮಗಳು ವಾಪಸು ಬಂದಳು. ಮೂಗಿನ ಚರ್ಮ ಸುಲಿದಿತ್ತು, ತುಟಿ ಒಡೆದಿತ್ತು, ಕಣ್ಣು ಮಾತ್ರ ತೊಳೆದಿಟ್ಟ ಹಾಗಿತ್ತು. ನಾನು ಅವಳ ಕೈಬೆರಳುಗಳನ್ನು ಎಣಿಸಿಯೇ ಬಿಟ್ಟೆ. ಅವಳು ಚೀಲದಿಂದ ಮೊದಲು ತೆಗೆದದ್ದು ಟವೆಲಿನಲ್ಲಿ ಸುತ್ತಿದ ಮೂರು ಬಾಟಲಿ. ಒಳಗಿನ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. ಉಳಿದ ದಿನಗಳ ನೀರನ್ನೆಲ್ಲ ಅಲ್ಲಿಯೇ ಸೋಸಿ ಬರಿಯ ಪುಡಿಯನ್ನು ತಂದಿದ್ದಳಂತೆ. ಕೊನೆಯ ದಿನ ಸೋಸುವ ಪಂಪು ಕೆಟ್ಟಿತು. ಅದೇ ಆ ಇಡೀ ಕಾಲದಲ್ಲಿ ಅತಿ ಹೆಚ್ಚು ಬಿಸಿಲು ಬಿದ್ದ ದಿನ, ಮಂಜು ಅತಿ ಹೆಚ್ಚು ಕರಗಿ ಹಳ್ಳ ಅತಿ ಹೆಚ್ಚು ಬೆಳ್ಳಗೆ ಹರಿದ ದಿನ. ಬೆಳಿಗ್ಗೆಯದೊಂದು, ಮಧ್ಯಾಹ್ನದ್ದೊಂದು, ಸಂಜೆಯದೊಂದು. ಈ ಮೂರು ಇಲ್ಲದಿದ್ದರೆ ಬೆಟ್ಟ ದಿನಕ್ಕೆ ಹೆಚ್ಚೆಂದರೆ ಎಷ್ಟು ಸವೆಯುತ್ತದೆ ಎಂಬ ಲೆಕ್ಕದ ತುದಿಯೇ ಸಿಗದು ಎಂದಳು. ಹಬ್ಬದ ರಜೆಗೆ ಲ್ಯಾಬು ಮುಚ್ಚಿತ್ತು. ಸೋಮವಾರ ತೆರೆಯುವವರೆಗೆ ಫ್ರಿಜ್ಜಿನಲ್ಲಿರಲಿ ಎಂದು ಒಳಗಿಟ್ಟು, ಮನೆಯವರನ್ನೆಲ್ಲ ಕರೆದು, ಯಾರೂ ಮುಟ್ಟಬಾರದು ಎಂದಳು. ಅಜ್ಜಿಗೆ ಬೇರೆಯಾಗಿ, ಜೋರಾಗಿ, ಮುಟ್ಟಬ್ಯಾಡ್ರಿ ಎಂದು ಹೇಳಿದಳು. ಅವ್ವ ತಲೆ ಆಡಿಸಿದಳು.

ಆ ರಾತ್ರಿ ನಾನು ಬಹಳ ಕಾಲದ ನಂತರ ಚೆನ್ನಾಗಿ ನಿದ್ದೆ ಮಾಡಿದೆ. ಒಂದೇ ಸಲ ಎಂದಿದ್ದಳು, ಆ ಒಂದು ಸಲ ಮುಗಿದಿತ್ತು.

ಅವ್ವನ ವಿಷಯ ಹೇಳಬೇಕು. ಅವಳು ಧಾರವಾಡದಿಂದ ನನ್ನ ಜೊತೆ ಬಂದು ಈ ಊರಿನಲ್ಲಿ ಬಹಳ ವರ್ಷವಾಯಿತು. ಹಿಂದಿಯಲ್ಲಿ ತರಕಾರಿಯ ಚೌಕಾಸಿ ಮಾಡುತ್ತಾಳೆ, ಮರಾಠಿ ಸೀರಿಯಲ್ ನೋಡಿ ಅಳುತ್ತಾಳೆ. ಆದರೆ ದೇವರ ಮನೆಯ ಹೊಸ್ತಿಲ ಆಚೆ ಇಂದಿಗೂ ಧಾರವಾಡವೇ. ಅಲ್ಲಿ ಮಡಿ ಇದೆ. ಅವಳ ಇಡೀ ಜೀವನದಲ್ಲಿ ಯಾರಾದರೂ ಯಾವ ವಸ್ತುವನ್ನಾದರೂ ಮುಟ್ಟಬೇಡ ಎಂದಿದ್ದರೆ, ಸ್ನಾನ ಮಾಡದೆ ಮುಟ್ಟಬೇಡ ಎಂಬುದು ಅದರ ಹಿಂದಿನ ಕಾರಣ. ಉಪ್ಪಿನಕಾಯಿಯ ಭರಣಿ, ಹಪ್ಪಳದ ಹಿಟ್ಟು, ದೇವರ ಪೆಟ್ಟಿಗೆ, ಎಲ್ಲಕ್ಕೂ ಅದೇ. ಬೇರೆ ಕಾರಣಕ್ಕೂ ಒಂದು ವಸ್ತುವನ್ನು ಮುಟ್ಟಬಾರದು ಎಂದಾಗಬಹುದು ಎಂಬುದು ಅವಳ ಅನುಭವದಲ್ಲಿ ಇರಲೇ ಇಲ್ಲ.

ಇನ್ನೊಂದು ಸಂಗತಿ ಕಾಶಿಯದು. ಮಾಟುಂಗದಲ್ಲಿರುವ ನನ್ನ ಸೋದರತ್ತೆ ಎರಡು ಸಲ ಕಾಶಿಗೆ ಹೋಗಿ ಬಂದವರು. ಎರಡು ಸಲವೂ ನಮ್ಮ ಕಡೆಯ ಪದ್ಧತಿಯ ಪ್ರಕಾರ ಗಂಗಾ ಸಮಾರಾಧನೆ ಮಾಡಿ, ಬಂಧುಗಳನ್ನೆಲ್ಲ ಕರೆದು, ತಂದ ಗಂಗೆಯನ್ನು ಪೂಜಿಸಿ ಎಲ್ಲರಿಗೂ ಉದ್ಧರಣೆಯಲ್ಲಿ ತೀರ್ಥ ಕೊಟ್ಟರು. ಎರಡು ಸಲವೂ ಅವ್ವ ಕೈಯೊಡ್ಡಿ ತೀರ್ಥ ತೆಗೆದುಕೊಂಡು ಬಂದಳು. ಒಮ್ಮೆ ಅಪ್ಪನ ರಕ್ತದೊತ್ತಡ, ಒಮ್ಮೆ ಅವಳದೇ ಮೊಣಕಾಲು, ಹೀಗೆ ಅವಳಿಗೆ ಮಾತ್ರ ಕಾಶಿ ಕೂಡಿಬರಲಿಲ್ಲ. ಅದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಮೊಮ್ಮಗಳು ಬಂದ ದಿನ ಮಾತ್ರ, ಈ ನೀರು ಗಂಗಾ ನದಿದೇ ಏನು ಎಂದು ಕೇಳಿದ್ದಳಂತೆ. ಮಗಳು ನಿದ್ದೆಗಣ್ಣಿನಲ್ಲಿ, ಹೂಂ ಅಜ್ಜಿ, ಮುಂದೆ ಹೋಗಿ ಗಂಗಾಕ್ಕೇ ಸೇರ್ತದ ಎಂದಿದ್ದಳು. ಭೂಗೋಳದ ಪ್ರಕಾರ ಅದು ಸರಿಯಾದ ಉತ್ತರ.

ಪಿತೃಪಕ್ಷ ಹತ್ತಿರ ಬಂದಿತ್ತು. ಅದು ಹತ್ತಿದರೆ ಶುಭದ ಕೆಲಸ ಯಾವುದೂ ಇಲ್ಲ. ಅವ್ವ ಪಂಚಾಂಗ ನೋಡಿದಳು, ಮಾಟುಂಗಕ್ಕೆ ಫೋನು ಮಾಡಿದಳು. ಹೆಂಡತಿಗೆ ಗಂಗಾ ಸಮಾರಾಧನೆ ಎಂದು ಹೂರಣ ಮಾಡಲು ಹೇಳಿದಳು, ಯಾವ ಗಂಗೆ ಎಂದು ಅವಳೂ ಕೇಳಲಿಲ್ಲ. ದೇವರ ಪೆಟ್ಟಿಗೆಯಲ್ಲಿ ಮಾಟುಂಗದ ಅತ್ತೆ ಕೊಟ್ಟ ಗಂಗೆಯ ಗಿಂಡಿ ಒಂದು ಇದ್ದೇ ಇತ್ತು, ಅದೇ ಇರಬೇಕು ಎಂದುಕೊಂಡಳು.

ಆ ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ನಾನು ಮನೆಗೆ ಬಂದಾಗ ಬಾಗಿಲ ಬಳಿ ಚಪ್ಪಲಿಗಳ ರಾಶಿ. ಒಳಗೆ ಕರ್ಪೂರ, ಹೂರಣ, ಒದ್ದೆ ಸೀರೆಯ ವಾಸನೆ. ಮಾಟುಂಗದ ಅತ್ತೆ ತಮ್ಮ ಭಜನೆಯ ಗೆಳತಿಯರೊಂದಿಗೆ ಸೋಫಾದ ಮೇಲೆ ಕೂತಿದ್ದರು. ಮಗಳು ಯಾರದೋ ಶೂ ವಾಪಸು ಕೊಡಲು ಹೋಗಿದ್ದಳು. ದೇವರ ಮುಂದೆ ತಾಮ್ರದ ಬಿಂದಿಗೆ, ಅದರ ಕೊರಳಿಗೆ ಮಲ್ಲಿಗೆ. ಅವ್ವನ ಮುಖದಲ್ಲಿ ಅಂಥ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ, ಅವಳ ಮದುವೆಯ ಒಂದು ಫೋಟೋದಲ್ಲಿ ಬಿಟ್ಟರೆ. ಕೈಕಾಲು ತೊಳೆದು ಬಾ ಎಂದಳು. ಬಂದೆ. ಅಂಗೈ ಒಡ್ಡಿದೆ. ಉದ್ಧರಣೆಯಿಂದ ತೀರ್ಥ ಬಿತ್ತು.

ಅದು ತಣ್ಣಗಿತ್ತು. ತೀರ್ಥ ಸಾಮಾನ್ಯವಾಗಿ ತುಳಸಿಯ, ಗಂಧದ, ತಾಮ್ರದ ರುಚಿ ಸೇರಿ ಉಗುರುಬೆಚ್ಚಗಿರುತ್ತದೆ. ಇದರ ತಣ್ಪು ಬೇರೆ ಥರದ್ದು, ನಾಲಿಗೆಯ ಮೇಲಿನಿಂದಲ್ಲ, ಬಹಳ ಹಿಂದಿನಿಂದ ಬಂದ ಹಾಗೆ. ಕಣ್ಣು ಮುಚ್ಚಿ ನುಂಗಿ ಕೈಯನ್ನು ನೆತ್ತಿಗೆ ಒರೆಸಿಕೊಂಡೆ. ಮುಚ್ಚಿದ ಕಣ್ಣಿನೊಳಗೆ ಒಂದು ದೊಡ್ಡ ಬಿಳಿ ಬೋಗುಣಿ ಕಂಡಿತು. ಬೆಟ್ಟದ ಎದೆಯಲ್ಲಿ ಮಂಜು ಕೂತು ಕೂತು ತನಗೇ ಎಂದು ಮಾಡಿಕೊಂಡ ಗುಳಿ. ಅದರೊಳಗೆ ಹಿಮ ಸದ್ದಿಲ್ಲದೆ ಬೀಳುತ್ತಿತ್ತು. ಒಂದು ಹಿಮದ ಮೇಲೆ ಇನ್ನೊಂದು ಹಿಮ, ಅದರ ಭಾರಕ್ಕೆ ಕೆಳಗಿನದು ಗಟ್ಟಿಯಾಗಿ, ನೀಲಿಯಾಗಿ, ಅಂಚು ದಾಟಿ ಮೆಲ್ಲಗೆ ಜಾರಲು ಹೊರಡುತ್ತಿತ್ತು. ನನ್ನ ಅಜ್ಜನ ಅಜ್ಜ ಹುಟ್ಟುವ ಮೊದಲು ಬಿದ್ದದ್ದು ಈಗ ಕೆಳಗೆ ಇಳಿಯುತ್ತಿತ್ತು. ಕಲ್ಲು ಕಲ್ಲಿಗೆ ತಾಗುವ ಸದ್ದು, ಬೀಸುವ ಕಲ್ಲಿನಂಥದು, ಪಾದದ ಅಡಿಯಲ್ಲಿ ಎಲ್ಲೋ ಕೇಳಿಸುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಮಾಟುಂಗದ ಅತ್ತೆ, ನೋಡ್ರಿ, ಇವನಿಗೂ ಭಕ್ತಿ ಬಂತು ಎಂದು ಗೆಳತಿಯರಿಗೆ ಹೇಳಿದ್ದು ಕಿವಿಗೆ ಬಿದ್ದು ಕಣ್ಣು ಬಿಟ್ಟೆ.

ಮಗಳು ಬಂದಿದ್ದಳು. ಅಷ್ಟು ಜನರನ್ನು ನೋಡಿ ನಮಸ್ಕಾರ ಮಾಡಿ, ಬಾಯಾರಿದವಳು ಸೀದಾ ಫ್ರಿಜ್ಜಿಗೆ ಹೋದಳು. ಬಾಗಿಲು ತೆಗೆದವಳು ಮುಚ್ಚಲಿಲ್ಲ. ಅದರ ಹಳದಿ ದೀಪ ಅವಳ ಮುಖದ ಮೇಲೆ ಬಿದ್ದಿತ್ತು.

“ಅಪ್ಪಾ, ಮೇರೀ ಬಾಟ್ಲಿ?”

ನಾನು ಉತ್ತರಿಸುವ ಮೊದಲೇ ಅವ್ವ ಒಳಗಿನಿಂದ, ಇಲ್ಲೆ ಅದ, ಬಾ, ತಂದಾಕಿ ನೀನು, ತೀರ್ಥ ನಿನಗ ಇನ್ನ ಸಿಕ್ಕಿಲ್ಲ ಎಂದಳು. ಮಗಳು ದೇವರ ಮನೆಯ ಹೊಸ್ತಿಲವರೆಗೆ ಬಂದು ಬಿಂದಿಗೆಯನ್ನು ನೋಡಿದಳು.

“ಅಜ್ಜಿ, ಮುಟ್ಟಬ್ಯಾಡ್ರಿ ಅಂದಿದ್ನಲ್ಲ.”

“ಹಂಗ ಮುಟ್ತೀನೇನ ನಾ? ತಲಿಮ್ಯಾಲೆ ನೀರು ಹಾಕ್ಕೊಂಡು, ಒದ್ದಿ ಸೀರಿ ಉಟ್ಟು ಮುಟ್ಟೀನಿ. ನಿನ್ನ ಫ್ರಿಜ್‌ಗೂ ನೀರು ಚಿಮುಕಿಸೇನಿ.”

ಆಮೇಲೆ ಒಂದೊಂದಾಗಿ ತಿಳಿದ ವಿಷಯ ಇದು. ಮೂರೂ ಬಾಟಲಿಯನ್ನು ಒಂದೇ ಬಿಂದಿಗೆಗೆ ಸುರಿದಿದ್ದಳು. ನೀರು ರಾಡಿಯಾಗಿ ಕಂಡದ್ದರಿಂದ, ಮಳೆಗಾಲದ ಹೊಸ ನೀರಿಗೆ ಧಾರವಾಡದಲ್ಲಿ ಮಾಡುತ್ತಿದ್ದ ಹಾಗೆ, ಪಟಿಕದ ಗಡ್ಡೆಯನ್ನು ಅದರೊಳಗೆ ತಿರುಗಿಸಿದ್ದಳು. ರಾಡಿ ತಳ ಸೇರಿದ ಮೇಲೆ ತಿಳಿ ನೀರನ್ನು ಪೂಜೆ ಮಾಡಿ ಹಂಚಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದಾಗಿ ಹೋಗಿದ್ದವು. ಪುಡಿಗೆ ಪಟಿಕ ಸೇರಿ ಅದರ ತೂಕಕ್ಕೆ ಇನ್ನು ಅರ್ಥವೇ ಇರಲಿಲ್ಲ.

ಮಗಳು ಅಳುತ್ತಾಳೆ ಎಂದುಕೊಂಡೆ. ಅವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಕೂತಲ್ಲಿಂದಲೇ, ಅಜ್ಜಿ, ಕೆಳಗೆ ಇದ್ದದ್ದನ್ನ ಫೇಕ್ ದಿಯಾ ಕ್ಯಾ ಎಂದು ಕೇಳಿದಳು. ಗಂಗೆಯ ಮಣ್ಣನ್ನು ಚೆಲ್ಲುವುದುಂಟೇ ಎಂದು ಅವ್ವ ಒಂದು ಬಟ್ಟಲನ್ನು ಮುಂದೆ ಇಟ್ಟಳು. ತಳದಲ್ಲಿ ಬೂದು ಬಣ್ಣದ, ಬೆಣ್ಣೆಯ ಹಾಗೆ ನುಣುಪಾದ ಒಂದಿಷ್ಟು ಕೆಸರು. ಮಗಳು ಬೆರಳ ತುದಿಗೆ ಹಚ್ಚಿಕೊಂಡು ಉಜ್ಜಿದಳು, ಮುಂಬಲ್ಲುಗಳ ನಡುವೆ ಇಟ್ಟು ಕಚ್ಚಿ ನೋಡಿದಳು. ಹೊಟ್ಟಿಗೆ ಏನರ ಆಗ್ತದೇನು ಎಂದು ಮಾಟುಂಗದ ಅತ್ತೆ ಮೆಲ್ಲಗೆ ನನ್ನ ಹೆಂಡತಿಯನ್ನು ಕೇಳಿದರು. ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿತ್ತು. ಯಾರೂ ಚಪಾತಿ ಹಾಕುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ನಾನೇ ನುಂಗಿಕೊಂಡೆ.

ಮಗಳು ತೀರ್ಥವನ್ನು ತೆಗೆದುಕೊಂಡಳು. ಊಟಕ್ಕೂ ಕೂತಳು. ಬಂದವರಿಗೆ ಹೋಳಿಗೆಯ ಮೇಲೆ ತುಪ್ಪವನ್ನೂ ಬಡಿಸಿದಳು.

ಸೋಮವಾರ ಅವಳ ಪ್ರೊಫೆಸರು ಹೇಳಿದ್ದು ಎರಡು ಮಾತು. ಆ ಕೊನೆಯ ದಿನವನ್ನು ಬಿಟ್ಟು ಪ್ರಬಂಧ ಬರೆಯಬಹುದು, ಪಾಸಾಗಲು ಸಾಕು. ಇಲ್ಲವೇ ಬರುವ ವರ್ಷ ಮತ್ತೆ ಕರಗುವ ಕಾಲಕ್ಕೆ ಹೋಗಿ, ಅಂಥದೇ ಬಿಸಿಲ ದಿನಗಳಿಗೆ ಕಾದು ನೀರು ಹಿಡಿಯಬಹುದು. ಇದನ್ನು ಮಗಳು ಊಟದ ಹೊತ್ತಿಗೆ ಹೇಳಿದಳು. ಬಿಟ್ಟು ಬರೀತೀನಿ ಎಂದೂ ಅವಳೇ ಹೇಳಿದಳು. ನನ್ನ ಕಡೆ ನೋಡಲಿಲ್ಲ. ಮಾತು ಕೊಟ್ಟಿದ್ದಳಲ್ಲ.

ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ, ಒಂದೆರಡು ದಿನ. ಪಾಸಾಗಲು ಸಾಕು ಎಂಬುದು ಎಷ್ಟು ಒಳ್ಳೆಯ ಮಾತು ಎಂದು ಲೋಕಲ್‌ನಲ್ಲಿ ನೇತಾಡುತ್ತ ಯೋಚಿಸಿದೆ. ನಾನೂ ಜೀವನದಲ್ಲಿ ಹಾಗೆಯೇ ಮುಂದೆ ಬಂದವನು. ಮನೆಯಲ್ಲಿ ಮಗಳು ಲ್ಯಾಪ್‌ಟಾಪಿನ ಮುಂದೆ ಕೂತು ಬರೆಯುತ್ತಿದ್ದಳು. ಅವಳ ಬೆನ್ನು ಹಿಂದಿನಿಂದ ನೋಡಿದರೆ ನನ್ನ ಬೆನ್ನಿನ ಹಾಗೆಯೇ ಕಾಣುತ್ತಿತ್ತು, ಫೈಲುಗಳ ಮುಂದಿನ ಬೆನ್ನು.

ಅವ್ವ ಮಾತು ಕಡಿಮೆ ಮಾಡಿದ್ದಳು. ಪಿತೃಪಕ್ಷದ ಒಂದು ಮಧ್ಯಾಹ್ನ ನಾನು ಜ್ವರ ಬಂದ ಹಾಗಿದೆ ಎಂದು ರಜೆ ಹಾಕಿ ಮಲಗಿದ್ದೆ, ತೀರ್ಥದ ಪರಿಣಾಮವನ್ನು ದಿನಾ ಕಾಯುತ್ತಿದ್ದೆನಲ್ಲ. ಅವಳು ಬಂದು ಮಂಚದ ಅಂಚಿಗೆ ಕೂತಳು. ನನ್ನಿಂದ ಏನು ಹಾಳಾತು, ನನಗ ತಿಳಿಯೂ ಹಂಗ ಹೇಳು ಎಂದಳು. ನಾನು ಹೇಳತೊಡಗಿದೆ. ಹೊರಗೆ ಮಳೆ ನಿಂತು ಪರದೆಯೊಳಗಿಂದ ಮಂಪರು ಬೆಳಕು ಬರುತ್ತಿತ್ತು. ಫ್ರಿಜ್ಜಿನ ಬಟಾಣಿಯಿಂದ ಶುರುಮಾಡಿ, ಬಿರುಕಿನೊಳಗೆ ಉಬ್ಬುವ ನೀರು, ಮಂಜಿನ ಹೊಟ್ಟೆಯ ಕಲ್ಲುಗಳು, ಬೀಸುವ ಕಲ್ಲಿನ ಹಾಗೆ ಮೇಲೊಂದು ಕೆಳಗೊಂದು, ನಡುವೆ ಬೀಳುವ ಹಿಟ್ಟು, ಹಿಟ್ಟನ್ನು ಹೊತ್ತು ಬೆಳ್ಳಗಾಗುವ ನೀರು. ಹೇಳುತ್ತ ಹೋದಂತೆ ನನಗೇ ಬೆಟ್ಟಗಳು ಕಾಣತೊಡಗಿದವು. ಅವು ನಿಂತಿರಲಿಲ್ಲ. ಒಂದು ಕಡೆ ಏಳುತ್ತ, ಒಂದು ಕಡೆ ಸವೆಯುತ್ತ, ಬಹಳ ನಿಧಾನವಾಗಿ ಉಸಿರಾಡುತ್ತಿದ್ದವು. ಅವ್ವ ನಡುವೆ ಒಮ್ಮೆಯೂ ಹೂಂ ಎನ್ನಲಿಲ್ಲ, ನಿದ್ದೆ ಹೋಗಿದ್ದಾಳೆ ಎಂದುಕೊಂಡೆ.

“ಅಂದ್ರ ನಾವೆಲ್ಲಾ ಕೂಡಿ ಆ ಹುಡುಗಿ ಬೀಸಿದ ಹಿಟ್ಟು ಹಾಳು ಮಾಡಿದ್ವಿ ಅನ್ನು,” ಎಂದಳು ಕೊನೆಗೆ. ಮತ್ತೆ ಅವಳೇ ಕೇಳಿದಳು, “ಹಂಗಾರ ಅವತ್ತಿನ ದಿನ ಎಷ್ಟು ಸವೀತು ಗುಡ್ಡ?”

ಗೊತ್ತಿಲ್ಲ ಎಂದೆ.

“ಯಾರಿಗೆ ಗೊತ್ತು?”

ಯಾರಿಗೂ ಗೊತ್ತಿಲ್ಲ ಎಂದೆ. ಆ ದಿನ ಬಿಸಿಲು ಬಿದ್ದಿತ್ತು, ಹಳ್ಳ ಬೆಳ್ಳಗೆ ತುಂಬಿ ಹರಿದಿತ್ತು, ಒಂದು ಬೆಟ್ಟ ಇಂತಿಷ್ಟು ಸವೆದಿತ್ತು. ಎಷ್ಟು ಎಂಬುದನ್ನು ನಾವು ಮಾಟುಂಗದ ಭಜನಾ ಮಂಡಳಿಯ ಜೊತೆ ಸೇರಿ ಕುಡಿದುಬಿಟ್ಟಿದ್ದೆವು. ಹಿಮನದಿಯ ಬಗ್ಗೆ ನಾನು ಅಷ್ಟು ತಿಂಗಳಿಂದ ಎಷ್ಟು ಪ್ರಶ್ನೆ ಕೇಳಿದ್ದೆ. ರೇಲಿಂಗ್ ಇದೆಯೇ, ಹಗ್ಗ ಗಟ್ಟಿಯೇ, ಡಾಕ್ಟರ್ ಇದ್ದಾರೆಯೇ, ಬಿರುಕಿನ ಆಳ ಎಷ್ಟು. ಮಗಳು ಹೋದದ್ದೇ ಯಾವ ಪ್ರಶ್ನೆಗಾಗಿಯೋ ಅದನ್ನು ಮಾತ್ರ ನಾನು ಕೇಳಿರಲಿಲ್ಲ, ಮೊದಲು ಕೇಳಿದವಳು ನನ್ನ ಅವ್ವ. ಕೇಳಿದ ಮೇಲೆ ನನಗೂ ಬೇಕೆನಿಸಿತು. ಇದು ನನಗೆ ಹೊಸದು. ಭಯವಲ್ಲದ ಕಾರಣಕ್ಕೆ ಏನನ್ನಾದರೂ ತಿಳಿಯಬೇಕೆಂದು ನನಗೆ ಅನಿಸಿ ಎಷ್ಟು ಕಾಲವಾಗಿತ್ತೋ.

ಜ್ವರ ಇರಲಿಲ್ಲ. ಸಂಜೆ ಮಗಳನ್ನು ಲ್ಯಾಪ್‌ಟಾಪಿನ ಮುಂದಿನಿಂದ ಎಬ್ಬಿಸಿಕೊಂಡು ಜುಹೂ ಬೀಚಿಗೆ ಹೋದೆ. ಮಳೆಗಾಲದ ಕೊನೆಯ ಸಮುದ್ರ ಚಹಾದ ಬಣ್ಣಕ್ಕಿತ್ತು, ಆಕಾಶ ಗುಲಾಬಿಯಾಗಿತ್ತು, ನೀರು ಹಿಂದಕ್ಕೆ ಹೋದಲ್ಲಿ ಒದ್ದೆ ಮರಳು ಕನ್ನಡಿಯ ಹಾಗೆ ಮೇಲಿನ ವಿಮಾನಗಳನ್ನು ತೋರಿಸುತ್ತಿತ್ತು. ಇಬ್ಬರೂ ಹುರಿದ ಜೋಳದ ತೆನೆ ಹಿಡಿದು ನಡೆದೆವು. ಈ ಮರಳೂ ಎಂದಾದರೂ ಬೆಟ್ಟವಾಗಿತ್ತೇ ಎಂದು ಕೇಳಿದೆ. ಆಗಿತ್ತು, ಆದರೆ ಇದನ್ನು ಪುಡಿ ಮಾಡಿದ್ದು ಮಂಜಲ್ಲ, ನೀರು, ಸಮುದ್ರ ಎಂದಳು. ಮಂಜು ಮಾಡಿದ ಹಿಟ್ಟು ಬೇರೆ, ಅದು ಬಹಳ ನುಣ್ಣಗೆ ಎಂದಳು. ಆ ಮಾತು ಬಂದಾಗ ಅವಳ ನಡಿಗೆಯೇ ಬೇರೆಯಾಯಿತು, ಕೈಗಳು ತೊಟ್ಟಿಲಿನಂಥ ಕಣಿವೆಯ ಆಕಾರ ಮಾಡಿದವು. ಮರುಕ್ಷಣ ನೆನಪಾಗಿ ಜೋಳದ ತೆನೆಗೆ ವಾಪಸು ಹೋದವು.

“ಅವತ್ತು ಎಷ್ಟು ಸವೀತು ಅಂತ ಅಜ್ಜಿ ಕೇಳ್ಯಾಳ,” ಎಂದೆ.

“ಅದು ತೋ ಅಬ್ ಗೊತ್ತಾಗಲ್ಲ, ಅಪ್ಪಾ.”

“ನನಗೂ ಬೇಕಾಗೇದ.”

ಅವಳು ನಿಂತಳು. ಒಂದು ಅಲೆ ಬಂದು ಅವಳ ಪಾದದ ಸುತ್ತಲಿನ ಮರಳನ್ನು ಎಳೆದುಕೊಂಡು ಹೋಯಿತು. ನನ್ನ ಮುಖವನ್ನು, ವ್ಯಂಗ್ಯ ಏನಾದರೂ ಇದೆಯೋ ಎಂದು ಹುಡುಕುವವಳ ಹಾಗೆ ನೋಡಿದಳು. ನಿನಗೆ ಕೊಟ್ಟ ಮಾತು ಇದೆಯಲ್ಲ ಎಂದಳು. ಆ ಮಾತನ್ನು ತೆಗೆದುಕೊಂಡವನು ನಾನೇ ಅಲ್ಲವೇ, ಬಿಟ್ಟುಕೊಡುವವನೂ ನಾನೇ ಎಂದೆ. ಹೀಗೆ ಹೇಳುವಾಗ ರೇಲಿಂಗಿಲ್ಲದ ಆ ಮಂಜು ಮತ್ತೆ ನನ್ನ ಕಣ್ಣೆದುರು ಬಂತು. ಅವಳಿಗೂ ಗೊತ್ತಾಗಿರಬೇಕು.

“ಫಿರ್ ನಿನ್ನ ಟೆನ್ಶನ್?”

“ಅದನ್ನ ನಾ ಇಲ್ಲೇ ಕೂತು ಮಾಡ್ತೀನಿ. ನೀ ಹೋಗಿ ಬಾ.”

ಅವಳು ತನ್ನ ತೆನೆಯಲ್ಲಿ ಉಳಿದಿದ್ದ ಕಾಳುಗಳನ್ನು ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನಾವು ನೀರಿನ ಅಂಚಿನಲ್ಲೇ ಇನ್ನಷ್ಟು ದೂರ ನಡೆದೆವು. ಬರುವ ವರ್ಷದ ಬಿಸಿಲಿನ ಬಗ್ಗೆ, ಯಾವ ತಿಂಗಳು ಹೊರಡಬೇಕು ಎಂಬುದರ ಬಗ್ಗೆ ಅವಳು ಮಾತಾಡತೊಡಗಿದಳು. ನಾನು ಅಡ್ಡ ಬಾಯಿ ಹಾಕದೆ ಕೇಳಿಸಿಕೊಂಡೆ, ಬಿರುಕುಗಳ ವಿಷಯ ಬಂದಾಗಲೂ.